ಸ್ಟೇಷನ್ನಿನ ದನಿ

"ಇನ್ನೊಂದ್ಸಲ ಹಾಕ್ಲಾ, ಅಜ್ಜೀ?" ಎಂದು ಅಧಿಕಾರಿ ಕೇಳಿದಳು, ಒಂದೊಂದು ಅಕ್ಷರವನ್ನೂ ಕೈಹಿಡಿದು ರಸ್ತೆ ದಾಟಿಸುವವಳ ಹಾಗೆ.

"ಹಾಕು. ಆದ್ರೆ ಅಜ್ಜಿ ಅನ್ನೋದು ಬಿಡು. ನಾನು ಮದ್ವೇನೇ ಆದವಳಲ್ಲ, ಮೊಮ್ಮಗಳು ಎಲ್ಲಿಂದ ಉದುರಿದೆ ನೀನು?"

ಅಧಿಕಾರಿ ನಕ್ಕಳು. ಹಿರಿಯರು ಸಿಡುಕಿದಾಗ ನಗಬೇಕೆಂದು ಅವಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬ್ಯಾಂಕಿನ ಹಿರಿಯ ಗ್ರಾಹಕರ ರಕ್ಷಣಾ ವಿಭಾಗವೆಂದರೆ ಗಾಜಿನ ಗೋಡೆಯ ಈ ಕೋಣೆ, ಒಂದು ಮೇಜು, ಒಂದು ಪ್ಲಾಸ್ಟಿಕ್ ಗಿಡ, ಅಳುವವರಿಗೆಂದು ಇಟ್ಟ ಕಾಗದದ ಕರವಸ್ತ್ರದ ಡಬ್ಬಿ, ಮತ್ತು ಅವಳು. ವಯಸ್ಸಾದವರ ದುಡ್ಡು ಕಾಣೆಯಾಗಿದೆ ಎಂದು ದೂರು ಬಂದರೆ ಮೊದಲು ಜೊತೆಯಲ್ಲಿ ಬಂದ ನೆಂಟರನ್ನು ಹೊರಗೆ ಕೂರಿಸಬೇಕು, ಮಾತೆಲ್ಲ ಆಮೇಲೆ. ಹಾಗಾಗಿ ಮುದುಕಿಯ ತಂಗಿ ಗಾಜಿನ ಆಚೆ, ಬೆಂಚಿನ ತುದಿಯಲ್ಲಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದಳು. "ಅವಳಿಗೆ ಸರಿಯಾಗಿ ಕಿವಿ ಕೇಳಲ್ಲ, ನಾನಿಲ್ದಿದ್ರೆ ಏನೇನೋ ಹೇಳ್ತಾಳೆ" ಎಂದು ಬಾಗಿಲವರೆಗೂ ಪಿಸುಗುಟ್ಟುತ್ತಲೇ ಹೋಗಿದ್ದಳು. ವಾರದಿಂದ ಅವಳ ಗಂಟಲು ಕಟ್ಟಿತ್ತು. ಅಕ್ಕ ಬ್ಯಾಂಕಿಗೆ ದೂರು ಕೊಟ್ಟ ಮಾರನೆಯ ದಿನದಿಂದಲೇ ಕಟ್ಟಿತ್ತು, ಆದರೆ ಮನೆಯಲ್ಲಿ ಯಾರೂ ಅದನ್ನು ಪಂಚಾಂಗ ಇಟ್ಟುಕೊಂಡು ನೋಡಿರಲಿಲ್ಲ.

ಅಧಿಕಾರಿ ಗುಂಡಿ ಒತ್ತಿದಳು. ಮೇಜಿನ ಮೇಲಿದ್ದ ಪುಟ್ಟ ಸ್ಪೀಕರಿನಿಂದ ಹೆಂಗಸಿನ ದನಿ ಬಂತು. ಮಾಗಿದ, ಅವಸರವಿಲ್ಲದ, ಯಾರ ಮೇಲೂ ಸಿಟ್ಟಿಲ್ಲದ ದನಿ. ಎಷ್ಟು ಜನ ನೂಕಿದರೂ ಸಾಲು ಬಿಟ್ಟು ಕದಲದ ದನಿ.

"ನನ್ನ ದನಿಯೇ ನನ್ನ ಗುರುತು" ಎಂದಿತು ಅದು. ಯಂತ್ರ ಧನ್ಯವಾದ ಹೇಳಿತು. "ನನ್ನ ಠೇವಣಿಯನ್ನು ಅವಧಿಗೆ ಮೊದಲೇ ಮುಚ್ಚಿ, ಹಣವನ್ನು ನನ್ನ ಹೆಸರಿನ ಇನ್ನೊಂದು ಖಾತೆಗೆ ವರ್ಗಾಯಿಸಬೇಕು" ಎಂದು ದನಿ ಮುಂದುವರಿಸಿತು. ಯಂತ್ರ ಮತ್ತೆ ಧನ್ಯವಾದ ಹೇಳಿತು. ಎಷ್ಟೊಂದು ಮರ್ಯಾದೆಯಿಂದ ಮುಗಿದುಹೋಗಿತ್ತು ಕಳ್ಳತನ.

ಅಕ್ಕನಿಗೆ ಎರಡನೆಯ ಸಲ ಕೇಳುವ ಅಗತ್ಯವಿರಲಿಲ್ಲ. ಮೊದಲ ಸಲದ ಮೊದಲ ಉಸಿರಿಗೇ ಗೊತ್ತಾಗಿತ್ತು. ಎರಡನೆಯ ಸಲ ಹಾಕಿಸಿದ್ದು ಗಾಜಿನ ಆಚೆಗಿನ ಮುಖ ನೋಡುವುದಕ್ಕೆ. ಗಾಜಿನಲ್ಲಿ ಶಬ್ದ ದಾಟುತ್ತಿರಲಿಲ್ಲ. ತಂಗಿ ತನ್ನ ಪಾಡಿಗೆ ತಾನು ಒಂದು ಗುಳಿಗೆಯ ಕಾಗದ ಬಿಡಿಸುತ್ತಿದ್ದಳು.

ಹಲ್ಲಿನ ಸೆಟ್ಟು ಬದಲಾಯಿಸಬೇಕೆಂದು ಠೇವಣಿಯ ಬಡ್ಡಿ ಕೇಳಲು ಹೋದಾಗ ಅಕ್ಕನಿಗೆ ಠೇವಣಿಯೇ ಇಲ್ಲವೆಂದು ತಿಳಿದಿತ್ತು. ಯಾರೋ ಅವಳ ಹೆಸರಲ್ಲಿ, ಅವಳ ಜನ್ಮದಿನಾಂಕ, ಅವಳ ವಿಳಾಸ, ಅವಳ ಗುರುತಿನ ಪತ್ರಗಳ ನಕಲು ಕೊಟ್ಟು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ದುಡ್ಡು ಇಲ್ಲಿಂದ ಅಲ್ಲಿಗೆ ಹೋಗಿ, ಅಲ್ಲಿಂದ ಕಾರ್ಡಿನಲ್ಲಿ ಸೋರಿಹೋಗಿತ್ತು. ಅಕ್ಕ ಮನೆಗೆ ಬಂದವಳೇ ಕೆಲಸದವಳ ಮೇಲೆ ಹರಿಹಾಯ್ದಳು. ತಂಗಿ ಅಂದು ಅಕ್ಕನಿಗಿಂತ ಒಂದು ಕೈ ಮುಂದೆ ಹೋಗಿ, ಆ ಹೆಂಗಸಿನ ಚೀಲ ಸುರುವಿ, ಚಮಚಗಳನ್ನೂ ಎಣಿಸಿದ್ದಳು. ಕೆಲಸದವಳು "ನಿಮ್ಮನೇಲಿ ಕದಿಯೋಕೆ ಏನಿದೆ ಅಮ್ಮಾ, ನಿಮ್ಮಿಬ್ಬರ ಬಾಯಿ ಬಿಟ್ರೆ?" ಎಂದು ಕೇಳಿ ಹೋಗಿದ್ದಳು. ಪುಣ್ಯಾತ್ಗಿತ್ತಿ ಅರ್ಧ ಸತ್ಯ ಹೇಳಿದ್ದಳೆಂದು ಅಕ್ಕನಿಗೆ ಈಗ ಅನ್ನಿಸಿತು.

"ಇದು ನಿಮ್ಮ ದನಿ, ಅಲ್ವಾ ಮೇಡಂ?" ಅಧಿಕಾರಿ ಮೃದುವಾಗಿ ಕೇಳಿದಳು.

"ಅಲ್ಲ."

"ಮೇಡಂ, ನಾನು ದಿನಾ ರೈಲಲ್ಲಿ ಓಡಾಡೋಳು. ಸ್ಕೂಲಿಗೆ ಹೋಗೋವಾಗ್ಲಿಂದ ನಿಮ್ಮ ದನಿ ಕೇಳ್ಕೊಂಡೇ ಬೆಳೆದಿದೀನಿ. 'ಪ್ರಯಾಣಿಕರ ಗಮನಕ್ಕೆ' ಅಂತ ನೀವು ಅಂದ್ರೆ ನಮ್ಮಮ್ಮ ಮನೆ ಜಗಲೀಲೇ ಚಪ್ಪಲಿ ಹಾಕ್ಕೊಳ್ಳೋಳು. ನನ್ನ ಕಿವಿಗೆ ಮೋಸ ಆಗುತ್ತಾ?" ಅವಳು ಪರದೆಯನ್ನು ಅಕ್ಕನ ಕಡೆ ತಿರುಗಿಸಿದಳು. "ನನ್ನ ಕಿವಿ ಬಿಡಿ. ಅನುಮಾನ ಬೇಡ ಅಂತ ಸ್ಟೇಷನ್ನಿನ ರೆಕಾರ್ಡಿಂಗೂ ಈ ಫೋನಿಂದೂ ಎರಡನ್ನೂ ತಾಳೆ ನೋಡಿಸಿದೀವಿ. ಒಂದೇ ದನಿ. ಈ ವರ್ಷ ಫೋನಿನಲ್ಲೇ ನಿಮ್ಮ ಖಾತೆಗೆ ದನಿ ಗುರುತು ನೋಂದಾಯಿಸಿದ್ದೂ ಇದೇ ದನಿ. ಸ್ಟೇಷನ್ನಿನ ದನಿ ನಿಮ್ಮದು ಅಂತ ಊರಿಗೇ ಗೊತ್ತು. ಅದಕ್ಕೆ ನಿಮಗೆ ಬಹುಮಾನ ಬಂದಿದ್ದು, ಪೇಪರಲ್ಲಿ ಫೋಟೋ ಬಂದಿದ್ದು, ಎಲ್ಲಾ ಇದೆ. ಅಂದ್ಮೇಲೆ ಫೋನ್ ಮಾಡಿದ್ದು..."

ವಾಕ್ಯವನ್ನು ಮುಗಿಸುವ ಕಷ್ಟವನ್ನು ಅವಳು ಅಕ್ಕನಿಗೇ ಬಿಟ್ಟಳು.

"ಯಾರೂ ನಿಮ್ಮನ್ನ ತಪ್ಪು ಅಂತಿಲ್ಲ. ಮಾಡಿ ಮರೆತಿರಬಹುದು. ಈ ವಯಸ್ಸಿಗೆ ಸಹಜ" ಎಂದು ಅಧಿಕಾರಿ ಕರವಸ್ತ್ರದ ಡಬ್ಬಿಯನ್ನು ಒಂದಿಂಚು ಮುಂದೆ ತಳ್ಳಿದಳು. "ನಮ್ಮಲ್ಲಿ ಒಂದು ವ್ಯವಸ್ಥೆ ಇದೆ. ಡಾಕ್ಟರು ಒಂದ್ಸಲ ನೋಡ್ತಾರೆ. ಆಮೇಲೆ ಉಳಿದಿರೋ ಖಾತೆಗೆ, ಪಿಂಚಣಿಗೆ, ನಂಬಿಕಸ್ಥರ ಒಬ್ಬರ ಸಹಿಯೂ ಇರ್ಬೇಕು ಅಂತ ಮಾಡ್ತೀವಿ. ಅವರನ್ನ ಕೇಳದೆ ನೀವು ತೆಗೆಯೋ ಹಾಗಿಲ್ಲ. ನಿಮ್ಮ ತಂಗಿ ಒಪ್ಕೊಂಡಿದಾರೆ. ಪಾಪ, ಫೋನಿನಲ್ಲಿ ಅತ್ತೇಬಿಟ್ರು."

"ಯಾವ ದನೀಲಿ ಅತ್ಲು?" ಎಂದಳು ಅಕ್ಕ.

"ಹಾಂ?"

"ಏನಿಲ್ಲ."

ಕುರಿ ಕಾಯುವುದಕ್ಕೆ ತೋಳ ಒಪ್ಪಿಕೊಂಡಿತ್ತು, ಅದೂ ಅತ್ತುಕೊಂಡು. ಇನ್ನು ಮೇಲೆ ಹಲ್ಲಿನ ಸೆಟ್ಟಿಗೂ ಚಪ್ಪಲಿಗೂ ತಂಗಿಯ ಮುಂದೆ ಕೈಯೊಡ್ಡಬೇಕು. ಹುಚ್ಚಿ ಎಂಬ ಹೆಸರು ಬೇರೆ, ಡಾಕ್ಟರ ಸಹಿಯೊಂದಿಗೆ. ಇಷ್ಟು ಹೊತ್ತು ಅಕ್ಕ ಪಟ್ಟ ಸಂಕಟ ಕಳೆದುಹೋದ ದುಡ್ಡಿನದು. ಈಗ ಎದ್ದದ್ದು ಬೇರೆ ಜಾತಿಯದು. ಅದರ ಮದ್ದೂ ಅವಳಿಗೆ ಗೊತ್ತಿತ್ತು. ಒಂದೇ ಒಂದು ಮಾತು. ಆ ಮಾತನ್ನು ಹೇಳದೆ ಇರುವುದಕ್ಕಾಗಿಯೇ ಅವಳು ಅರ್ಧ ಆಯುಷ್ಯ ಕಳೆದಿದ್ದಳು.

"ನನ್ನ ದನೀನ ನಿಮ್ಮ ಯಂತ್ರಕ್ಕೇ ಕೇಳಿಸು. ನೋಡೋಣ" ಎಂದಳು.

ಅಧಿಕಾರಿ ಬ್ಯಾಂಕಿನ ಸಂಖ್ಯೆ ಒತ್ತಿ, ಅಕ್ಕನ ಖಾತೆಯ ಸಂಖ್ಯೆ ಕೊಟ್ಟು, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮಧ್ಯೆ ಇಟ್ಟಳು. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು. ಸ್ಟೇಷನ್ನಿನಲ್ಲಿ ದಿನವೂ ಘೋಷಣೆ ಮಾಡುತ್ತಿದ್ದ ಕಾಲದಲ್ಲಿ ಮೈಕಿನ ಮುಂದೆ ಹಾಗೆಯೇ ಕೂರುತ್ತಿದ್ದಳು. "ನನ್ನ ದನಿಯೇ ನನ್ನ ಗುರುತು." ಸಡಿಲ ಹಲ್ಲಿನ ಸಂದಿನಲ್ಲಿ ಗಾಳಿ ಸೀಟಿ ಹೊಡೆಯಿತು, ಕೊನೆಯ ಪದ ಗೊರಗೊರ ಎಂದು ಗಂಟಲಲ್ಲೇ ಕೂತಿತು.

"ಕ್ಷಮಿಸಿ, ಗುರುತು ಹೊಂದಿಕೆಯಾಗುತ್ತಿಲ್ಲ. ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ" ಎಂದಿತು ಯಂತ್ರ.

"ವಯಸ್ಸಾದ್ಮೇಲೆ ದನಿ ಕೆಡುತ್ತೆ, ಬೇಜಾರು ಮಾಡ್ಕೋಬೇಡಿ."

"ಫೋನ್ ಬಂದಿದ್ದು ಈ ವರ್ಷ ತಾನೆ? ಆಗ ಅಷ್ಟು ನುಣುಪಾಗಿ ಮಾತಾಡಿ, ಈಗ ಕೆಟ್ಟುಹೋಯ್ತಾ ದನಿ? ಹಾಲು ಕೆಡೋಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು."

ಅಧಿಕಾರಿ ಮೊದಲ ಬಾರಿಗೆ ನಗುವುದನ್ನು ಮರೆತಳು. "ಹಾಗಾದ್ರೆ ಸ್ಟೇಷನ್ನಿನ ರೆಕಾರ್ಡಿಂಗು? ಅದಕ್ಕೂ ಇದಕ್ಕೂ ತಾಳೆ ಆಗಿದೆಯಲ್ಲ?"

ಅಕ್ಕ ಗಾಜಿನ ಕಡೆ ನೋಡಿದಳು. ತಂಗಿ ಗುಳಿಗೆ ಚೀಪುತ್ತ ಇತ್ತಲೇ ನೋಡುತ್ತಿದ್ದಳು. ಹೊರಗೆ ಕಳಿಸಲ್ಪಟ್ಟವರು ನಗುವ ನಗೆಯೊಂದು ಅವಳ ಮುಖದಲ್ಲಿತ್ತು.

"ಸ್ಟೇಷನ್ನಿನ ದನಿ ನನ್ನದಲ್ಲ" ಎಂದಳು ಅಕ್ಕ.

ಅಧಿಕಾರಿಯ ಮುಖದಲ್ಲಿ ಕರುಣೆ ಉಕ್ಕಿತು. ಅವಳು ಕೀಲಿಮಣೆಯತ್ತ ಕೈಚಾಚಿ ಏನನ್ನೋ ದಾಖಲಿಸತೊಡಗಿದಳು.

"ಏನು ಬರೀತಿದೀಯ? ತಾನು ಮಾಡಿದ ಕೆಲಸಾನೇ ಮರೆತಿದಾಳೆ ಅಂತಾನಾ? ನಿಲ್ಲಿಸು. ನನ್ನ ತಂಗೀನ ಕರಿ ಒಳಗೆ."

"ಮೇಡಂ, ನೆಂಟರನ್ನ ಈಗ..."

"ನಿನ್ನ ನಿಯಮಕ್ಕೆ ಬೆಂಕಿ ಬೀಳ್ಲಿ. ಕರಿ."

ತಂಗಿ ಒಳಗೆ ಬಂದಳು. ಬಾಗಿಲನ್ನು ಹಿಂದೆ ಎಳೆದುಕೊಳ್ಳಲಿಲ್ಲ. ಅನುಕಂಪದ ಮಾತಿಗೆ ನಾಲ್ಕು ಜನ ಸಾಕ್ಷಿಗಳಿದ್ದರೆ ಒಳ್ಳೆಯದೆಂದು ಅವಳಿಗೆ ಅನ್ನಿಸಿರಬೇಕು. ಅಕ್ಕನ ಹೆಗಲ ಮೇಲೆ ಕೈಯಿಟ್ಟು ಪಿಸುದನಿಯಲ್ಲಿ "ಏನಾಯ್ತಕ್ಕ? ಮತ್ತೆ ಗೊಂದಲ ಆಯ್ತಾ?" ಎಂದಳು.

ಅಕ್ಕ ಹೆಗಲ ಮೇಲಿನ ಕೈಯನ್ನು ಎರಡು ಬೆರಳಲ್ಲಿ, ಸತ್ತ ಹಲ್ಲಿ ಎತ್ತಿದ ಹಾಗೆ ಎತ್ತಿ ಬಿಟ್ಟಳು. "ಈ ಹುಡುಗಿಗೆ ಹೇಳ್ಬಿಟ್ಟೆ ಕಣೇ."

"ಏನಂತ?"

"ಸ್ಟೇಷನ್ನಲ್ಲಿ ಬರೋದು ನಿನ್ನ ದನಿ ಅಂತ."

ತಂಗಿ ಗುಳಿಗೆ ಚೀಪುವುದನ್ನು ನಿಲ್ಲಿಸಿದಳು.

ಅಕ್ಕ ಅಧಿಕಾರಿಯ ಕಡೆ ತಿರುಗಿ ಹೇಳುತ್ತ ಹೋದಳು, ಬೇರೆ ಯಾರದೋ ಮನೆಯ ಚಾಡಿ ಹೇಳುವ ಹಾಗೆ. ರೈಲ್ವೆಯವರು ದಿನದಿನದ ಘೋಷಣೆ ನಿಲ್ಲಿಸಿ, ಒಂದೇ ಸಲಕ್ಕೆ ಎಲ್ಲವನ್ನೂ ಧ್ವನಿಮುದ್ರಣ ಮಾಡಿಸಲು ನಿರ್ಧರಿಸಿದ್ದರು. ಅಕ್ಕನಿಗೇ ಕರೆ ಬಂತು. ಆ ವಾರವೇ ಅಕ್ಕನ ಗಂಟಲು ಕೆಟ್ಟು, ಕಾಗೆಗೂ ನಾಚಿಕೆಯಾಗುವ ಹಾಗಾಯಿತು. ಆಗುವುದಿಲ್ಲ ಎಂದರೆ ಟಿಕೆಟ್ ಕೌಂಟರಿನವಳಿಗೆ ಆ ಕೆಲಸ ಸಿಗುತ್ತಿತ್ತು, ಅವಳ ಮೂಗುದನಿ ಊರೆಲ್ಲ ಮೊಳಗುತ್ತಿತ್ತು. ಮನೆಯಲ್ಲಿ ತಂಗಿಯೊಬ್ಬಳಿದ್ದಳು. ಚಿಕ್ಕಂದಿನಿಂದಲೂ ಅಕ್ಕನನ್ನು ಅಣಕಿಸಿ ಅಣಕಿಸಿ, ಅಕ್ಕನಿಗಿಂತ ಚೆನ್ನಾಗಿ ಅಕ್ಕನ ಹಾಗೆ ಮಾತಾಡುತ್ತಿದ್ದಳು. ಅಕ್ಕ ಚಕ್ಕರ್ ಹೊಡೆದು ಸಿನೆಮಾಕ್ಕೆ ಹೋದ ದಿನ ಆಫೀಸಿನ ಫೋನಿಗೆ ಅಕ್ಕನಾಗಿ ಕೆಮ್ಮುತ್ತಿದ್ದವಳೂ ಅವಳೇ. ಮುದ್ರಣ ಮಾಡುವವರು ಹೊರಗಿನಿಂದ ಬಂದವರು, ಅಕ್ಕನ ಮುಖ ನೋಡಿದವರಲ್ಲ. ಅಕ್ಕನ ನೀಲಿ ಕೋಟು ತೊಟ್ಟು, ಅಕ್ಕನ ಗುರುತಿನ ಚೀಟಿ ಕುತ್ತಿಗೆಗೆ ನೇತುಹಾಕಿಕೊಂಡು ತಂಗಿ ಹೋದಳು.

"ಅಂದ್ರೆ..." ಎಂದಳು ಅಧಿಕಾರಿ.

"ಅಂದ್ರೆ ಅಷ್ಟೇ. ನಿಮ್ಮಮ್ಮ ಚಪ್ಪಲಿ ಹಾಕ್ಕೊಂಡಿದ್ದು ಇವಳು ಹೇಳಿದ್ದಕ್ಕೆ. ಬಹುಮಾನ ತಗೊಂಡಿದ್ದು ನಾನು."

ಎಲ್ಲರೂ ತಂಗಿಯ ಕಡೆ ನೋಡಿದರು. ಅವಳು ಮಾಡಬೇಕಾಗಿದ್ದುದು ಬಹಳ ಸುಲಭದ ಕೆಲಸ. ತಲೆ ಅಲ್ಲಾಡಿಸಿ, "ಪಾಪ, ನೋಡಿದ್ರಾ ಮೇಡಂ, ಇದೇ ನಾನು ಹೇಳಿದ್ದು" ಎಂದು ಪಿಸುಗುಟ್ಟಿದರೆ ಆಗಿತ್ತು. ಪಿಂಚಣಿ, ಮನೆ, ಡಾಕ್ಟರ ಸಹಿ ಎಲ್ಲವೂ ಅವಳ ಮಡಿಲಿಗೆ ಬೀಳುತ್ತಿತ್ತು. ಅವಳು ಬಾಯಿಯನ್ನೂ ತೆರೆದಳು. ಆದರೆ ಅಕ್ಕನ ಕಡೆಗೇ ತಿರುಗಿದಳು. ಅಕ್ಕ ಈ ಮಾತನ್ನು ಮನೆಯ ನಾಲ್ಕು ಗೋಡೆಗಳ ನಡುವೆಯೂ ಎಂದೂ ಹೇಳಿದವಳಲ್ಲ. ಬಹುಮಾನದ ಫಲಕಕ್ಕೆ ಧೂಳು ಹೊಡೆಯುವ ಕೆಲಸ ಮಾತ್ರ ತಂಗಿಯದಾಗಿತ್ತು.

"ಸುಳ್ಳು ಅನ್ನೇ. ಅಂದ್ಬಿಡು. ನಿನಗೇ ಲಾಭ" ಎಂದಳು ಅಕ್ಕ. ಅಧಿಕಾರಿಯ ಕಡೆ ಕಣ್ಣು ಹೊಡೆದು, "ಏನೋ ಒಂದು ದಿನ ಗಿಳಿ ಹಾಗೆ ಒದರಿ ಬಂದ್ಲು. ಈಗ ಕೇಳಿದ್ರೆ ಇವಳಿಗೂ ಬರಲ್ಲ ಬಿಡು. ವಯಸ್ಸಾಯ್ತಲ್ಲ" ಎಂದು ಸೇರಿಸಿದಳು.

"ಗಿಳಿ?" ಎಂದಳು ತಂಗಿ. ಪಿಸುದನಿ ಆಗಲೇ ಅರ್ಧ ಬಿಟ್ಟುಹೋಗಿತ್ತು.

ಅವಳು ಮಫ್ಲರ್ ಬಿಚ್ಚಿದಳು. ಒಂದು ಕ್ಷಣ ಗೋಡೆಯನ್ನು ನೋಡಿ, ಮೂಗಿನಿಂದ ಉಸಿರೆಳೆದುಕೊಂಡಳು.

"ಪ್ರಯಾಣಿಕರ ಗಮನಕ್ಕೆ. ಎರಡನೇ ಪ್ಲಾಟ್‌ಫಾರಂನಲ್ಲಿರುವ ರೈಲು ಇನ್ನು ಕೆಲವೇ ನಿಮಿಷಗಳಲ್ಲಿ ಹೊರಡಲಿದೆ."

ತೆರೆದ ಬಾಗಿಲಿನಿಂದ ಆ ದನಿ ಹೊರಗಿನ ಹಜಾರಕ್ಕೆ ಹೋಯಿತು. ಹಣ ಎಣಿಸುತ್ತಿದ್ದ ಗುಮಾಸ್ತ ತಲೆಯೆತ್ತಿದ. ಬೆಂಚಿನಲ್ಲಿ ತೂಕಡಿಸುತ್ತಿದ್ದ ಒಬ್ಬ ಗಿರಾಕಿ ದಡಬಡಿಸಿ ಎದ್ದು, ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲವರೆಗೂ ಹೋಗಿ, ಇದು ಬ್ಯಾಂಕೆಂದು ನೆನಪಾಗಿ, ಸುತ್ತ ನೋಡಿ ಮತ್ತೆ ಕೂತ. ಅಧಿಕಾರಿ ಕೀಲಿಮಣೆಯಿಂದ ಕೈ ತೆಗೆದಿದ್ದಳು.

"ಕೇಳಿದ್ಯಾ?" ಎಂದಳು ಅಕ್ಕ. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ನಂದೂ ಇಷ್ಟು ಚೆನ್ನಾಗಿರ್ಲಿಲ್ಲ. ಈಗ ಬರ್ಕೋ. ಕಳ್ಳಿ ಇವಳು."

"ಕಳ್ಳಿ!" ತಂಗಿ ಆ ಪದವನ್ನು ಘೋಷಣೆಯ ದನಿಯಲ್ಲೇ ಹೇಳಿದಳು, ಹಜಾರ ಇನ್ನೊಮ್ಮೆ ಕಿವಿಯಗಲಿಸಿತು. "ಯಾರು ಯಾರದ್ದನ್ನ ಕದ್ದಿದ್ದು? ನಿನ್ನ ಚೀಟಿ ಕುತ್ತಿಗೆಗೆ ಹಾಕಿ ಕಳಿಸ್ದವಳು ನೀನು. ಹಾಲಿನವನು, ಪೇಪರಿನವನು, ಎಲ್ಲಾ ನಿನ್ನ ನೋಡಿ 'ಆಹಾ ಏನು ದನಿ' ಅನ್ನೋವಾಗ ಪಕ್ಕದಲ್ಲಿ ಚೀಲ ಹಿಡ್ಕೊಂಡು ನಿಂತವಳು ನಾನು. ನೀನು ಕೆಮ್ಮಿದ್ರೆ ಅವರು ಅಯ್ಯೋ ಅನ್ನೋರು. ನಾನು ಮಾತಾಡಿದ್ರೆ 'ನೋಡಿ, ತಂಗೀನೂ ಸ್ವಲ್ಪ ಹಾಗೇ ಮಾತಾಡ್ತಾಳೆ' ಅನ್ನೋರು. ಸ್ವಲ್ಪ!"

"ಅದಕ್ಕೆ ನನ್ನ ಠೇವಣಿಗೆ ಕೈ ಹಾಕಿದ್ಯಾ?"

"ಒಂದು ಮನೆಗೆ ಮುಂಗಡ ಕೊಟ್ಟಿದೀನಿ. ಚಿಕ್ಕದು. ನಿನ್ನ ಟೀವಿ, ನಿನ್ನ ಕುರ್ಚಿ, ನಿನ್ನ ಬೀಗದ ಕೈ, ನಿನ್ನ ಗೊರಕೆ ಯಾವುದೂ ಇಲ್ಲದ ಜಾಗ. ನನ್ನ ದನಿ ದುಡಿದಿದ್ದನ್ನ ನಾನು ತಗೊಂಡೆ."

"ಆ ದನಿ ದುಡಿದಿದ್ದು ಒಂದು ಫಲಕ, ಒಂದು ಗಡಿಯಾರ. ಗಡಿಯಾರ ನಿಂತುಹೋಗಿದೆ, ಅದನ್ನ ತಗೋ. ಠೇವಣಿ ನಾನು ರಾತ್ರಿ ಪಾಳಿ ಮಾಡಿ ಇಟ್ಟಿದ್ದು. ಆ ಕೆಲಸದವಳ ಚೀಲ ಸುರುವಿದೆಯಲ್ಲೇ, ಅವಳ ಶಾಪ ತಟ್ಟಲ್ವಾ ನಿನಗೆ?"

"ಬೈದವಳು ನೀನು. ನಾನು ಬರೀ ಚೀಲ ಹಿಡಿದಿದ್ದೆ. ಯಾವತ್ತೂ ಅದೇ ತಾನೆ ನನ್ನ ಕೆಲಸ?"

"ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ" ಎಂದಿತು ಮೇಜಿನ ಮೇಲಿನ ಫೋನು. ಅದನ್ನು ಎಲ್ಲರೂ ಮರೆತಿದ್ದರು.

ತಂಗಿ ಫೋನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಅಧಿಕಾರಿ "ಮೇಡಂ, ನೀವು ಏನೂ ಹೇಳ್ಬೇಕಾಗಿಲ್ಲ, ನಿಮ್ಮ ಪರ ವಕೀಲರು..." ಎಂದು ಶುರು ಮಾಡಿದಳು. ಅದೂ ತರಬೇತಿಯಲ್ಲಿ ಇದ್ದಿರಬೇಕು. ತಂಗಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಅವಳು ಮೇಜಿನ ಮೇಲೆ ಬಗ್ಗಿ, ಕಣ್ಣನ್ನು ಮಾತ್ರ ಅಕ್ಕನ ಮೇಲೆ ನೆಟ್ಟು, ನಿಧಾನವಾಗಿ ಹೇಳಿದಳು.

"ನನ್ನ ದನಿಯೇ ನನ್ನ ಗುರುತು."

"ಧನ್ಯವಾದ. ನಿಮ್ಮ ಗುರುತು ದೃಢಪಟ್ಟಿದೆ" ಎಂದಿತು ಯಂತ್ರ, ಮತ್ತು ಅಕ್ಕನ ಪೂರ್ತಿ ಹೆಸರು ಹೇಳಿ ಸ್ವಾಗತಿಸಿತು.

ಆಮೇಲೆ ನಡೆದದ್ದೆಲ್ಲ ಕಾಗದದ ಕೆಲಸ. ಅಧಿಕಾರಿಯ ಮೇಲಧಿಕಾರಿ ಬಂದ, ಅವನ ಮೇಲಿನವನು ಫೋನಿನಲ್ಲಿ ಬಂದ. ಪೊಲೀಸರಿಗೆ ಹೋಗುವ ದೂರಿಗೆ ಸಹಿ ಹಾಕುವ ಮೊದಲು "ಸ್ವಂತ ತಂಗಿ, ಒಂದ್ಸಲ ಯೋಚನೆ ಮಾಡಿ" ಎಂದು ಮೇಲಧಿಕಾರಿ ಹೇಳಿನೋಡಿದ. "ಸ್ವಂತ ತಂಗಿ ಅಂತಾನೇ ಇಷ್ಟು ಹೊತ್ತು ಯೋಚನೆ ಮಾಡಿದ್ದು" ಎಂದು ಅಕ್ಕ ಸಹಿ ಹಾಕಿದಳು. ಸ್ಟೇಷನ್ನಿನ ರೆಕಾರ್ಡಿಂಗಿನ ಕತೆಯನ್ನೂ ದೂರಿನಲ್ಲಿ ಸೇರಿಸಬೇಕಾಗುತ್ತದೆ, ರೈಲ್ವೆಯವರು ವಿಚಾರಿಸಬಹುದು, ಪಿಂಚಣಿಗೂ ತೊಂದರೆ ಬರಬಹುದು ಎಂದು ಅಧಿಕಾರಿ ಎಚ್ಚರಿಸಿದಳು. ಈ ಸಲ ಅವಳು ನಿಧಾನವಾಗಿ, ಜೋರಾಗಿ ಹೇಳಲಿಲ್ಲ. ಮಾಮೂಲು ಮನುಷ್ಯರಿಗೆ ಹೇಳುವ ಹಾಗೆಯೇ ಹೇಳಿದಳು. "ಸೇರಿಸು. ಅದಿಲ್ದೆ ಇದು ನಿಲ್ಲಲ್ಲ" ಎಂದಳು ಅಕ್ಕ. ಮೇಜಿನ ಆಚೆ ತುದಿಯಲ್ಲಿ ತಂಗಿ ಮಫ್ಲರನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಪೊಲೀಸರು ನಾಳೆ ಹೇಳಿಕೆ ಪಡೆಯುತ್ತಾರೆಂದೂ ಅಲ್ಲಿಯವರೆಗೆ ಇಬ್ಬರೂ ಬೇರೆ ಬೇರೆ ಕಡೆ ಇದ್ದರೆ ಒಳ್ಳೆಯದೆಂದೂ ಅಧಿಕಾರಿ ಸಲಹೆ ಕೊಟ್ಟಳು. ಯಾವ ಕಡೆ ಎಂದು ಇಬ್ಬರೂ ಒಟ್ಟಿಗೆ, ಒಂದೇ ಧಾಟಿಯಲ್ಲಿ ಕೇಳಿದರು.

ಮನೆ ಒಂದೇ ಆದ್ದರಿಂದ ರೈಲೂ ಒಂದೇ ಆಗಬೇಕಾಯಿತು. ಪ್ಲಾಟ್‌ಫಾರಂನ ಬೆಂಚಿನ ಒಂದು ತುದಿಯಲ್ಲಿ ಅಕ್ಕ ಕೂತಳು. ನಡುವೆ ಕೈಚೀಲ ಇಟ್ಟಳು. ಅದು ಸಾಲದೆಂದು ಕೊಡೆಯನ್ನೂ ಅಡ್ಡ ಇಟ್ಟಳು. ಇನ್ನೊಂದು ತುದಿಯಲ್ಲಿ ತಂಗಿ.

"ಬೀಗದ ಕೈ ಕೊಡು" ಎಂದಳು ಅಕ್ಕ, ಹಳಿಗಳ ಕಡೆ ನೋಡುತ್ತ.

"ನನ್ನ ಬಟ್ಟೆ ಒಳಗಿದೆ."

"ಬಾಗಿಲು ನಾನೇ ತೆಗಿತೀನಿ. ಬಟ್ಟೆ ತಗೊಂಡು ಹೋಗು."

ತಂಗಿ ಬೀಗದ ಕೈಯನ್ನು ಕೊಡೆಯ ಮೇಲಿಟ್ಟಳು. ಅದು ಜಾರಿ ಕೆಳಗೆ ಬಿತ್ತು. ಇಬ್ಬರಿಗೂ ಮಂಡಿ ನೋವು, ಯಾರೂ ಬಗ್ಗಲಿಲ್ಲ.

ಟೀ ಮಾರುವವನು ಅಕ್ಕನನ್ನು ಕಂಡು ದೂರದಿಂದಲೇ ಕೈಯೆತ್ತಿದ. ಅವನು ಅಕ್ಕನಿಗೆ ಎಂದೂ ದುಡ್ಡು ತೆಗೆದುಕೊಂಡವನಲ್ಲ. ನಿಮ್ಮ ದನಿಯಿಂದಲೇ ನನ್ನ ವ್ಯಾಪಾರ, ರೈಲು ತಡ ಅಂತ ನೀವು ಅಂದ್ರೆ ನನಗೆ ಎರಡು ಕೆಟಲ್ ಹೆಚ್ಚು ಖರ್ಚಾಗುತ್ತೆ ಎಂದು ವರ್ಷಗಳಿಂದ ಹೇಳುತ್ತ ಬಂದ ಜೋಕನ್ನು ಇಂದೂ ಹೇಳಿ, ಬಗ್ಗಿ ಬೀಗದ ಕೈಯನ್ನು ಎತ್ತಿ ಬೆಂಚಿನ ಮೇಲಿಟ್ಟು, ಒಂದು ಲೋಟ ಚಾಚಿದ.

"ನನಗಲ್ಲ. ಅವಳಿಗೆ ಕೊಡು."

"ಅವರಿಗೂ ಕೊಡ್ತೀನಿ ಅಮ್ಮಾ, ಮೊದಲು ನೀವು..."

"ಆ ದನಿ ಅವಳದಪ್ಪ. ಇಷ್ಟು ದಿನ ನಾನು ಕುಡಿದಿದ್ದೆಲ್ಲ ಅವಳ ಟೀ. ಇನ್ನು ಮೇಲೆ ಅವಳಿಗೇ ಕೊಡು" ಎಂದಳು ಅಕ್ಕ. ತಂಗಿ ಲೋಟಕ್ಕೆ ಕೈ ಚಾಚಿದಾಗ, ತಲೆ ತಿರುಗಿಸದೆ ಸೇರಿಸಿದಳು: "ದುಡ್ಡು ತಗೊಂಡೇ ಕೊಡು. ಅವಳ ಹತ್ರ ಇದೆ."

ಟೀಯವನು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ, ನಗಬೇಕೋ ಬೇಡವೋ ಗೊತ್ತಾಗದೆ ಕೆಟಲಿನ ಮುಚ್ಚಳ ಸರಿಮಾಡಿದ. ತಂಗಿ ಬಿಸಿ ಲೋಟವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಚೀಲದೊಳಗೆ ಚಿಲ್ಲರೆ ಹುಡುಕತೊಡಗಿದಳು. ಮೇಲೆ, ತಗಡಿನ ಮಾಡಿನ ಕೆಳಗೆ ಸ್ಪೀಕರ್ ಒಮ್ಮೆ ಗಂಟೆ ಹೊಡೆಯಿತು. ಪ್ಲಾಟ್‌ಫಾರಂನ ಜನರೆಲ್ಲ ತಲೆಯೆತ್ತಿದರು.

ಪ್ರಯಾಣಿಕರ ಗಮನಕ್ಕೆ, ಎಂದಿತು ದನಿ. ರೈಲು ತಡವಾಗಿ ಬರಲಿದೆ ಎಂದಿತು. ಸುತ್ತಲಿನವರು ಬೈದುಕೊಂಡು ಮತ್ತೆ ತಮ್ಮ ತಮ್ಮ ಮಾತಿಗೆ ತಿರುಗಿದರು. ಅಕ್ಕ ಮಾತ್ರ ಕಣ್ಣು ಮುಚ್ಚಿ, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ದನಿ ಪೂರ್ತಿ ಮುಗಿಯುವವರೆಗೂ ಕೇಳಿಸಿಕೊಂಡಳು.

"ನಿಮಗೆ ಉಂಟಾದ ತೊಂದರೆಗೆ ವಿಷಾದಿಸುತ್ತೇವೆ."

ಬೆಂಚಿನ ಇನ್ನೊಂದು ತುದಿಯಲ್ಲಿ ತಂಗಿ ಇನ್ನೂ ಚಿಲ್ಲರೆ ಹುಡುಕುತ್ತಿದ್ದಳು.